ನೂರ ಹನ್ನೆರಡನೇ ನಂಬರಿನ ಹಾಲು

ಹೋದ ವಾರ ಬಂಗಾರಪೇಟೆಯ ನನ್ನ ಅಂಗಡಿಗೆ ಯಾರೋ ಒಂದು ಹಳೇ ಕಂಪ್ಯೂಟರ್ ತಂದಿಟ್ಟು ಹೋದರು. ಯಾವುದೋ ಹಳ್ಳಿಯ ಹಾಲಿನ ಡೈರಿಯದ್ದು. ಪಕ್ಕದ ಮುಚ್ಚಳದ ಸ್ಕ್ರೂ ಬಿಚ್ಚಿದೆ, ಅಷ್ಟೆ. ಹುಳಿ ಹಾಲು, ಧೂಳು, ಬ್ಲೀಚಿಂಗ್ ಪೌಡರ್ ಮೂರೂ ಕಲೆತ ವಾಸನೆ ಮುಖಕ್ಕೆ ಹೊಡೀತು. ಡೈರಿ ಕಂಪ್ಯೂಟರುಗಳಿಗೆಲ್ಲ ಅದೇ ವಾಸನೆ. ಸ್ಕ್ರೂಡ್ರೈವರ್ ಅಲ್ಲೇ ಇಟ್ಟು ಎದ್ದು ಹೊರಗೆ ಬಂದು ನಿಂತೆ. ಪಕ್ಕದ ಜೆರಾಕ್ಸ್ ಅಂಗಡಿಯವನು, "ಏನ್ ಮುನಿರಾಜಣ್ಣ, ಶಾಕ್ ಹೊಡೀತಾ?" ಅಂತ ಕೇಳಿದ. ಹೂಂ ಕಣಪ್ಪ ಅಂದೆ. ಅವನಿಗೆ ಇನ್ನೇನು ಹೇಳಲಿ?

ಆ ವರ್ಷದ ಮಾತನ್ನು ನಾನು ಯಾರ ಹತ್ತಿರವೂ ಪೂರ್ತಿ ಆಡಿಲ್ಲ. ಹೆಂಡತಿಗೂ ಅರ್ಧ ಹೇಳಿ ಅರ್ಧ ನುಂಗಿಕೊಂಡಿದ್ದೀನಿ. ನುಂಗಿದ್ದು ಹೊಟ್ಟೇಲಿ ಕರಗಿದ್ದರೆ ಸರಿ, ಕರಗಲಿಲ್ಲ. ಇವತ್ತು ಬರೆದುಬಿಡ್ತೀನಿ.

ಆ ವರ್ಷ ಕೃತ್ತಿಕೆ ಮಳೆ ಗುಡುಗಿಕೊಂಡೇ ಬಂತು. ಕೋರಮಂಡಲ್‌ನಲ್ಲಿ ಚಿನ್ನದ ಗಣಿ ಕೆಲಸದವರ ಹಳೇ ಸಾಲುಮನೆಗಳಿವೆಯಲ್ಲ, ಲೈನು ಅಂತ ಕರೀತೀವಿ, ಅಲ್ಲಿಂದ ಒಂದು ಮೈಲಿ ಆಚೆಗೆ ಒಂದು ಹಳ್ಳಿ. ಹೆಸರು ಬೇಡ, ಆ ದಾರೀಲಿ ನಾನಿನ್ನೂ ಓಡಾಡಬೇಕು. ಆ ಊರಿನ ಡೈರಿಗೆ ಸಿಡಿಲು ಬಡಿದು ಸೆಕ್ರೆಟರಿ ನಾರಾಯಣಪ್ಪನ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡು ಸುಟ್ಟುಹೋಯಿತು. ನಾನು ಓಡಿಹೋಗಿ ನನ್ನ ಡಬ್ಬಿಯಲ್ಲಿದ್ದ ಒಂದು ಬೇರೆ ಕಾರ್ಡು ಹಾಕಿದೆ. ಹೆಸರಿಲ್ಲದ ಕಾರ್ಡು. ಡ್ರೈವರ್ ಅಂದರೆ ಆ ಕಾರ್ಡನ್ನು ನಡೆಸೋ ಪ್ರೋಗ್ರಾಮು, ಅದನ್ನೂ ಎಲ್ಲಿಂದಲೋ ಹುಡುಕಿ ಇಳಿಸಿದೆ. ದೀಪ ಮಿನುಗಿತು. ಒಂದು ಲೋಟ ಕಾಫಿ ಕುಡಿದು ಗಾಡಿ ಹತ್ತಿದೆ. ಪಾಪ ಶುರುವಾಗಿದ್ದು ಅಲ್ಲಿ.

ಆ ಡೈರೀಲಿ ಎರಡು ಕೋಣೆ. ಒಳಗಿನದರಲ್ಲಿ ಹಾಲು ಪರೀಕ್ಷೆ ಮಾಡೋ ಮಿಷನ್ನು, ಅದಕ್ಕೆ ಅಂಟಿಕೊಂಡ ಒಂದು ಪುಟ್ಟ ಕಂಪ್ಯೂಟರ್. ಅದಕ್ಕೆ ಪರದೆ ಇಲ್ಲ. ಮಿಷನ್ನಿನ ಸ್ವಂತ ಪರದೆ ಎಂದೋ ಮಂಕಾಗಿತ್ತು. ಹಾಲು ತಂದವರ ನಂಬರು, ಆಮೇಲೆ ಹಾಲಿನ ಡಿಗ್ರಿ, ಅಂದರೆ ಎಷ್ಟು ಗಟ್ಟಿ ಅನ್ನೋ ಅಂಕಿ, ಎರಡೂ ಒಂದು ಸಣ್ಣ ಪ್ಯಾಕೆಟ್ಟಾಗಿ ತಂತಿಯಲ್ಲಿ ಗೋಡೆ ದಾಟಿ ಬಂದು ನಾರಾಯಣಪ್ಪನ ಪರದೆ ಮೇಲೆ ಕಾಣಬೇಕು. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು ಬಂದರೆ ಒಳ್ಳೇ ಹಾಲು. ಇಪ್ಪತ್ತಾರಕ್ಕಿಂತ ಕೆಳಗೆ ಬಂದರೆ ನೀರು ಬಿದ್ದಿದೆ ಅಂತ ಅರ್ಥ.

ಪ್ಯಾಕೆಟ್ಟು ಹೊರಡುವಾಗ ಅದರೊಳಗಿರೋದನ್ನೆಲ್ಲ ಕೂಡಿ ಒಂದು ಮೊತ್ತ ಬರೆದು ಜೊತೆಗೆ ಕಳಿಸ್ತಾರೆ. ಅದೇ ಚೆಕ್‌ಸಮ್. ತಲುಪಿದ ಕಡೆ ಮತ್ತೆ ಕೂಡಿ ನೋಡಬೇಕು, ತಾಳೆಯಾದರೆ ಸರಿ. ಮೊದಲು ಈ ಕೂಡೋ ಕೆಲಸ ಕಂಪ್ಯೂಟರೇ ಮಾಡ್ತಿತ್ತು. ಈಗ ಅದರ ಹೊರೆ ಇಳಿಸೋಕೆ ಕಾರ್ಡೇ ಕೂಡಿ, "ನಾನು ನೋಡಿದ್ದೀನಿ, ಸರಿಯಿದೆ" ಅಂತ ಹೇಳಿಬಿಡುತ್ತೆ. ಹಾಲಿನ ಗಾಡಿ ಬಂದಾಗ ಗೇಟಿನವನು ಕ್ಯಾನಿನ ಸೀಲು ನೋಡಿ ಚೀಟಿ ಕೊಟ್ಟ ಅಂತಿಟ್ಟುಕೊಳ್ಳಿ. ಗೇಟಿಂದ ಒಳಗೆ ತರುವಾಗ ಕ್ಯಾನು ಮಗುಚಿದರೆ? ಒಳಗಿನವನು ಚೀಟಿ ನೋಡ್ತಾನೆ, ಕ್ಯಾನು ನೋಡಲ್ಲ. ಕಂಪ್ಯೂಟರೂ ಹಾಗೇ. ಕಾರ್ಡು ಸರಿ ಅಂದಮೇಲೆ ಅದು ಮರುಮಾತಾಡಲ್ಲ.

ಅದೇ ಬೇಸಿಗೆಯಲ್ಲಿ ಮೊದಲ ಸಲ ಲೈನಿನ ಐದಾರು ಮನೆಗಳನ್ನು ಡೈರಿಗೆ ಸೇರಿಸಿಕೊಂಡಿದ್ದರು. ಊರಿನವರಲ್ಲಿ ಕೆಲವರಿಗೆ ಅದು ಹಿಡಿಸಿರಲಿಲ್ಲ. "ಗಣಿ ತೋಡ್ಕೊಂಡಿದ್ದೋರ್ಗೆ ಅಸಾ ಕಟ್ಟಿ ಆಲು ಕರೆಯೋದೇನ್ ಗೊತ್ತು ಬಿಡ್ಲಾ" ಅಂತ ಕಟ್ಟೆ ಮೇಲೆ ನಗಾಡ್ತಿದ್ದರು. ಹಳಬರ ನಂಬರೆಲ್ಲ ನೂರರ ಒಳಗೆ. ಲೈನಿನವರಿಗೆ ನೂರು ದಾಟಿದ್ದು. ಸೆಲ್ವಿಯದು ನೂರ ಹನ್ನೆರಡು.

ಸೆಲ್ವಿಗೆ ಆಗ ನಲವತ್ತರ ಹತ್ತಿರ ವಯಸ್ಸು. ಗಂಡ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಕಟ್ಟಡಗಳಿಗೆ ಬಣ್ಣ ಹೊಡೆದು ರಾತ್ರಿ ಬರೋನು. ಮನೇಲಿ ಎರಡು ಹಸು, ಒಬ್ಬ ಮಗಳು, ಅತ್ತೆ ಅಂಜಲಮ್ಮ. ಹಾಲು ಕರೆಯೋದು ಅಂಜಲಮ್ಮ, ಹೊತ್ತು ತಂದು ಹಾಕೋದು ಸೆಲ್ವಿ. ಅತ್ತೆ ಸೊಸೆ ತಮಿಳಿನಲ್ಲಿ ದಿನವಿಡೀ ಬೈದಾಡಿಕೊಂಡು ಒಂದೇ ತಟ್ಟೇಲಿ ಉಣ್ಣೋರು.

ಜೂನ್ ಹೊತ್ತಿಗೆ ಸೆಲ್ವಿಯ ಹಾಲು ಡಿಗ್ರಿ ಕಳಕೊಂಡಿತು. ಒಂದು ದಿನ ಇಪ್ಪತ್ತೆಂಟು, ಮಾರನೇ ದಿನ ಇಪ್ಪತ್ತು, ಆಮೇಲೆರಡು ದಿನ ಇಪ್ಪತ್ತೊಂದು, ಮತ್ತೆ ಇಪ್ಪತ್ತೊಂಬತ್ತು. ದಿನಾ ಕಡಿಮೆ ಬಂದಿದ್ದರೆ ಹಸುವಿಗೇನೋ ಆಗಿದೆ ಅನ್ನಬಹುದಿತ್ತು. ಹೀಗೆ ಏರಿಳಿದರೆ ಯಾರಿಗಾದರೂ ಏನನಿಸುತ್ತೆ? ಧೈರ್ಯ ಬಂದ ದಿನ ನೀರು ಹಾಕ್ತಾಳೆ, ಭಯ ಬಿದ್ದ ದಿನ ಹಾಕಲ್ಲ ಅಂತ. ಲೈನಿನ ಉಳಿದ ಮನೆಗಳದ್ದೂ ಅದೇ ಕತೆ. ಅವರು ಮರ್ಯಾದೆಗೆ ಅಂಜಿ ಒಬ್ಬೊಬ್ಬರಾಗಿ ಡೈರಿ ಬಿಟ್ಟರು. ಸೆಲ್ವಿ ಬಿಡಲಿಲ್ಲ. ಬಿಟ್ಟರೆ ಒಪ್ಪಿಕೊಂಡ ಹಾಗಾಗುತ್ತೆ ಅನ್ನೋ ಹಟ ಆಕೆಯದು.

ಒಂದು ಬೆಳಿಗ್ಗೆ ನಾನೇ ಅಲ್ಲಿದ್ದೆ. ನಾರಾಯಣಪ್ಪ ಕಿಟಕಿಯೊಳಗಿಂದ ಸಾಲಲ್ಲಿದ್ದ ಎಲ್ಲರಿಗೂ ಕೇಳೋ ಹಾಗೆ, "ಏನಮ್ಮ ಸೆಲ್ವಿ, ಲೈನಲ್ಲಿ ನಲ್ಲಿ ನೀರು ಚೆನ್ನಾಗಿ ಬತ್ತಾ ಐತಾ?" ಅಂದ.

ಸಾಲೆಲ್ಲ ನಕ್ಕಿತು. ಸೆಲ್ವಿ, "ಅಣ್ಣಾ, ವಾರಕ್ಕೊಂದ್ಸಲ ಬರೋ ನೀರು ನಮ್ಗೆ ಕುಡಿಯಕ್ಕೇ ಸಾಲಲ್ಲ, ಆಲಿಗೆ ಎಲ್ಲಿಂದ ತರ್ಲಿ?" ಅಂದಳು. ಆಮೇಲೆ ಗೋಗರೆದಳು, "ಮೊದ್ಲಿನಂಗೆ ಆ ಗಾಜಿನ ಕೊಳವೇನ ಆಲೊಳಗೆ ಇಳ್ಸಿ ಒಂದ್ಸಲ ಕೈಲಿ ನೋಡಣ್ಣಾ, ನಿನ್ ಕಾಲಿಗೆ ಬೀಳ್ತೀನಿ."

"ಕೊಳವೆ ಕಾಲ ಮುಗೀತು ಕಣಮ್ಮ. ಈಗ ಎಲ್ಲಾ ಮಿಷನ್ನೇ. ಮೇಲಿನೋರು ಅಂಗೇ ಏಳವ್ರೆ." ನಾರಾಯಣಪ್ಪ ಹಾಲನ್ನು ವಾಪಸ್ ತಳ್ಳಿದ.

ಆದರೂ ಅವನಿಗೆ ಒಳಗೊಳಗೇ ಸಂಶಯ ಇತ್ತು ಅನಿಸುತ್ತೆ. ನನ್ನ ಕರೆದು, "ಒಂದ್ ಕಿತ ನೋಡಪ್ಪ ಮುನಿರಾಜು, ಆಮೇಲೆ ನಮ್ಮೇಲ್ ಮಾತು ಬರಬಾರ್ದು" ಅಂದ. ನನ್ನ ಲ್ಯಾಪ್‌ಟಾಪಿನಿಂದ ಒಳಗಿನ ಪುಟ್ಟ ಕಂಪ್ಯೂಟರಿಗೆ ಸಂಪರ್ಕ ಮಾಡಿ ಹೊರಗೆ ಹೋಗೋ ಪ್ಯಾಕೆಟ್ಟುಗಳನ್ನು ಹಿಡಿದು ನೋಡಿದೆ. ಅಯ್ಯಪ್ಪ! ಪರದೆ ತುಂಬ ಕೆಂಪು ಗೆರೆ. ಚೆಕ್‌ಸಮ್ ತಪ್ಪು, ಚೆಕ್‌ಸಮ್ ತಪ್ಪು ಅಂತ ಸಾಲು ಸಾಲು. ಸಿಕ್ಕಿಬಿದ್ದ ಕಳ್ಳ ಅಂತ ಕುಣಿದಾಡಿದೆ. ತಂತಿ ಬದಲಾಯಿಸಿದೆ, ಅದರ ತುದಿಗಳನ್ನೂ ಬದಲಾಯಿಸಿದೆ. ನಾರಾಯಣಪ್ಪನಿಗೂ ಹೊರಗೆ ನಿಂತಿದ್ದವರಿಗೂ, "ದೋಷ ಸಿಕ್ಕಿದೆ, ಸೆಲ್ವಿದೇನೂ ತಪ್ಪಿಲ್ಲ" ಅಂದೆ. ಸೆಲ್ವಿ ನನಗೆ ಕೈ ಮುಗಿದಳು.

ಮಾರನೇ ದಿನವೂ ಅದೇ ಕೆಂಪು. ಸೆಲ್ವಿಯ ಡಿಗ್ರಿ ಇಪ್ಪತ್ತು. ಆ ರಾತ್ರಿ ಕೂತು ಓದಿದಾಗ ಗೊತ್ತಾಯಿತು, ಆ ಕೆಂಪು ದೋಷವೇ ಅಲ್ಲ. ಹೋಗೋ ಪ್ಯಾಕೆಟ್ಟಿನ ಮೊತ್ತ ಬರೆಯೋದು ಒಳಗಿನ ಕಂಪ್ಯೂಟರಿನ ಕಾರ್ಡು, ಅದೂ ಕಟ್ಟಕಡೆಗೆ. ಅದಕ್ಕೂ ಮೊದಲೇ ನಾವು ಇಣುಕಿದರೆ ಆ ಜಾಗದಲ್ಲಿ ಕಸ ಇರುತ್ತೆ. ಈ ಕಸುಬಿನಲ್ಲಿ ಎಳೆಯರು ಬೀಳೋ ಗುಂಡಿ ಅದು, ಹತ್ತು ವರ್ಷದ ಅನುಭವದ ನಾನು ಬಿದ್ದಿದ್ದೆ. ನಾಚಿಕೆಯಲ್ಲಿ ಕಿವಿ ಬಿಸಿಯಾಯಿತು. ಆ ನಾಚಿಕೆಯಲ್ಲೇ ನಾರಾಯಣಪ್ಪನಿಗೆ ಫೋನ್ ಮಾಡಿ, "ನಿನ್ನೆ ಹೇಳಿದ್ದು ತಪ್ಪಾಯ್ತು. ಎಲ್ಲ ಸರಿಯಿದೆ. ಮಿಷನ್ನಲ್ಲಿ ದೋಷ ಇಲ್ಲ" ಅಂದುಬಿಟ್ಟೆ.

ಆ ಕೆಂಪು ಗೆರೆಗಳ ಪಕ್ಕದಲ್ಲೇ ಪ್ಯಾಕೆಟ್ಟಿನೊಳಗಿನ ಅಂಕಿಗಳೂ ಇದ್ದವು ಕಣ್ರೀ. ನೂರ ಹನ್ನೆರಡು, ಇಪ್ಪತ್ತೊಂಬತ್ತು ಅಂತ ನನ್ನ ಕಣ್ಣ ಮುಂದೇ ಇತ್ತು. ಓದಲಿಲ್ಲ ನಾನು. ಹೊರಟಿದ್ದು ಸರಿಯಿದೆ ಅಂತ ತಿಳಿದಮೇಲೆ ತಲುಪಿದ್ದೇನು ಅಂತ ಆಚೆ ಕೋಣೇಲಿ ಒಂದು ಸಲ ನೋಡಬಾರದಾಗಿತ್ತೇ? ನೋಡಲಿಲ್ಲ. ಆಚೆಯ ಕಾರ್ಡು ಹಾಕಿದ್ದು ನಾನೇ ಅಲ್ಲವಾ!

ಮಘೆ ಮಳೆ ಹಿಡಿದ ದಿನಗಳು. ಸೆಲ್ವಿ ರೈಲು ಹತ್ತಿ ಬಂಗಾರಪೇಟೆಗೆ ಬಂದು ತೊಯ್ದ ಸೆರಗಲ್ಲೇ ನನ್ನ ಅಂಗಡಿ ಮುಂದೆ ನಿಂತಳು. ಕೈಯಲ್ಲಿ ಒಂದು ಬಾಟಲಿ ಹಾಲು.

"ಮುನಿರಾಜಣ್ಣ, ಬೆಳಿಗ್ಗೆ ಕರೆದಿದ್ದು. ನೀವು ಓದಿರೋರು. ಆ ಮಿಷನ್ನ ಇನ್ನೊಂದ್ ಸಲ ನೋಡಿ ಅಣ್ಣಾ. ಇಸ್ಕೂಲಲ್ಲಿ ನನ್ ಮಗಳನ್ನ 'ನೀರಾಲು' ಅಂತ ಕರೀತಾರೆ. ಅವಳು ಮೂರು ದಿನದಿಂದ ಓಗ್ತಾ ಇಲ್ಲ."

"ನೋಡಿದ್ದೀನಮ್ಮ. ಎರಡೆರಡು ಸಲ ನೋಡಿದ್ದೀನಿ. ಸರಿಯಾಗೇ ಇದೆ."

"ಅಂಗಾದ್ರೆ ನನ್ ಆಲಿಗೆ ನೀರು ಎಲ್ಲಿಂದ ಬಂತು?"

ಅಂಗಡೀಲಿ ಇನ್ನಿಬ್ಬರು ಗಿರಾಕಿಗಳಿದ್ದರು. ನನ್ನ ಹಳೇ ನಾಚಿಕೆ ಇನ್ನೂ ಆರಿರಲಿಲ್ಲ. ಇವಳು ಹೋದರೆ ಸಾಕಾಗಿತ್ತು ನನಗೆ. "ಮನೇಲಿ ಹಾಲು ಕರೆಯೋರು ಯಾರು?" ಅಂದೆ.

"ನಮ್ಮತ್ತೆ."

"ಹಂಗಾದ್ರೆ ಅವರನ್ನ ಕೇಳು ಹೋಗು."

ಸೆಲ್ವಿ ಬಾಟಲಿಯನ್ನು ಸೆರಗಿನೊಳಗೆ ಇಟ್ಟುಕೊಂಡು ಮಳೇಲೇ ಹೊರಟುಹೋದಳು. ಈ ನಾಲಿಗೆಗೆ ಹುಳ ಬೀಳ.

ರಾಗಿ ತೆನೆ ಒಡೆಯೋ ಹೊತ್ತಿಗೆ ಡೈರೀಲಿ ಮೀಟಿಂಗು ಕರೆದರು. ಸೆಲ್ವಿಯ ನಂಬರು ತೆಗೆಯೋದೋ ಬಿಡೋದೋ ಅನ್ನೋದೇ ವಿಷಯ. ಅಧ್ಯಕ್ಷರು ನನ್ನನ್ನೂ ಕರೆಸಿದ್ದರು. ಎಲ್ಲರ ಮುಂದೆ, "ಏನಪ್ಪಾ, ಮಿಷನ್ ಏನಾದ್ರೂ ತಪ್ಪು ಏಳ್ತದಾ?" ಅಂತ ಕೇಳಿದರು.

"ಇಲ್ಲ. ಮಿಷನ್ ಸುಳ್ಳು ಹೇಳಲ್ಲ" ಅಂದೆ. ಎತ್ತು ಈಯಿತು ಅಂದರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ ಅಂತ ಬೇರೆಯವರನ್ನ ಆಡಿಕೊಳ್ತಿದ್ದೆ. ಅವತ್ತು ಎತ್ತು ಈದಿದ್ದಕ್ಕೆ ಸಾಕ್ಷಿ ಹೇಳಿದವನು ನಾನೇ.

ನಮ್ಮ ಕಡೆ ಮಾತಲ್ಲಿ ಬಗೆಹರಿಯದಿದ್ದರೆ ಕಡೆಗೆ ಕರ್ಪೂರಕ್ಕೆ ಬರುತ್ತೆ. ದೇವರ ಪಟದ ಮುಂದೆ ಕರ್ಪೂರ ಹಚ್ಚಿ, ಉರಿಯೋ ಕರ್ಪೂರದ ಮೇಲೆ ಅಂಗೈ ಹೊಡೆದು ಆರಿಸಿ ಆಣೆ ಮಾಡಬೇಕು. ಸುಳ್ಳು ಆಣೆ ಮಾಡಿದವರ ಮನೆ ಉಳಿಯಲ್ಲ ಅಂತ ನಂಬಿಕೆ. ಸೆಲ್ವಿ ತಾನಾಗೇ ಮುಂದೆ ಬಂದು ಕರ್ಪೂರ ಹಚ್ಚಿದಳು. "ನಾನು ಆಲಿಗೆ ನೀರು ಆಕಿಲ್ಲ" ಅಂತ ಹೊಡೆದು ಆರಿಸಿದಳು.

ನಾರಾಯಣಪ್ಪ ಬಿಡಲಿಲ್ಲ. "ಸರಿ, ನೀನು ಆಕಿಲ್ಲ. ಮನೇರು ಯಾರೂ ಆಕಿಲ್ಲ ಅಂತಾನೂ ಒಡಿ."

ಇನ್ನೊಂದು ಬಿಲ್ಲೆ ಹಚ್ಚಿದರು. ಸೆಲ್ವಿ ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಆಕೆ ಬಾಗಿಲ ಕಡೆ ತಿರುಗಿ ಒಂದು ಸಲ ನೋಡಿದಳು. ಬಾಗಿಲಲ್ಲಿ ಅಂಜಲಮ್ಮ ಕೂತಿದ್ದಳು.

ಅಷ್ಟೇ. ಸಭೆಗೆ ಅಷ್ಟು ಸಾಕಾಯಿತು. "ನೋಡಿದ್ರಾ, ನೋಡಿದ್ರಾ" ಅಂತ ಗುಜುಗುಜು ಎದ್ದಿತು. ಅಂಜಲಮ್ಮ ಎದ್ದು ಬಂದಳು. ಯಾರನ್ನೂ ನೋಡಲಿಲ್ಲ, ಉರೀತಿದ್ದ ಕರ್ಪೂರದ ಮೇಲೆ ತನ್ನ ಅಂಗೈ ಇಟ್ಟಳು. ಹೊಡೀಲಿಲ್ಲ, ಇಟ್ಟಳು. ಪೂರ್ತಿ ಆರೋವರೆಗೂ ತೆಗೆಯಲಿಲ್ಲ. "ನಾನು ಆಕಿಲ್ಲ" ಅಂದಳು ಸೊಸೆಗೆ, ತಮಿಳಲ್ಲಿ. ಸೆಲ್ವಿ ತಲೆ ಎತ್ತಲಿಲ್ಲ.

ನೂರ ಹನ್ನೆರಡು ತೆಗೆದುಹಾಕಿದರು. ಅಂಜಲಮ್ಮ ಅವತ್ತು ಮನೆಗೆ ಹೋಗಲೇ ಇಲ್ಲವಂತೆ. ಉಟ್ಟ ಸೀರೇಲೇ ಊರಿಗಾಂನಲ್ಲಿದ್ದ ಮಗಳ ಮನೆಗೆ ಹೋದಳಂತೆ. ಕೋರಮಂಡಲ್‌ಗೂ ಊರಿಗಾಂಗೂ ರೈಲಲ್ಲಿ ಒಂದೇ ಸ್ಟೇಷನ್ನಿನ ದೂರ. ಮಗ ಹೋಗಿ ಕರೆದರೂ ಬರಲಿಲ್ಲವಂತೆ. ಇದೆಲ್ಲ ರೈಲಲ್ಲಿ ಸಿಕ್ಕವರು ಹೇಳಿದ್ದು. ನಾನು ಕೇಳಿ, ಅಯ್ಯೋ ಪಾಪ ಅಂದು, ಸುಮ್ಮನಾದೆ.

ಅವರೆಕಾಯಿ ಕಾಲ ಬಂತು. ಬೆಳಿಗ್ಗೆ ಇಬ್ಬನಿ, ಬಂಗಾರಪೇಟೆ ಸಂತೆ ತುಂಬ ಸೊಗಡಿನ ಘಮ. ನಾರಾಯಣಪ್ಪನ ಫೋನ್ ಬಂತು. "ಬೇಗ್ ಬಾರಪ್ಪ, ಮಿಷನ್ ಕೆಟ್ಟೋಗೈತೆ."

ಅಧ್ಯಕ್ಷರ ತಮ್ಮ ಭಾಗ ಮಾಡಿಸಿಕೊಂಡು ಬೇರೆ ಮನೆ ಮಾಡಿದ್ದನಂತೆ. ಹೊಸ ನಂಬರು ನೂರ ಹದಿನೆಂಟು. ಒಂದು ವಾರದಿಂದ ಅವನ ಹಾಲಿಗೆ ಇಪ್ಪತ್ತು, ಇಪ್ಪತ್ತೊಂದು ಬರ್ತಿತ್ತು. ಲೈನಿನವರಿಗೆ ಡಿಗ್ರಿ ಬರದಿದ್ದಾಗ ಜನ ಕೆಟ್ಟಿದ್ದರು. ಅಧ್ಯಕ್ಷರ ತಮ್ಮನಿಗೆ ಬರದಿದ್ದಾಗ ಮಿಷನ್ ಕೆಟ್ಟಿತು! ಸಿಟ್ಟು ನೆತ್ತಿಗೇರಿತು, ಆದರೆ ನೂರ ಹದಿನೆಂಟು ಅಂದಕೂಡಲೇ ಬೇರೆಯೇ ಒಂದು ಹೊಳೆಯಿತು. ನೂರರ ಆಚೆ. ಡಿಗ್ರಿ ಬರದವರೆಲ್ಲ ನೂರರ ಆಚೆಯವರೇ.

ಈ ಸಲ ಅಂಗಡಿಯಿಂದ ಒಂದು ಪರದೆ ಹೊತ್ತುಕೊಂಡು ಹೋಗಿ ಒಳಗಿನ ಕಂಪ್ಯೂಟರಿಗೆ ಸಿಕ್ಕಿಸಿದೆ. ಒಳಗಿನ ಪರದೇಲಿ ನೂರ ಹದಿನೆಂಟಕ್ಕೆ ಇಪ್ಪತ್ತೊಂಬತ್ತು. ಎದ್ದು ಹೊರಗಿನ ಕೋಣೆಗೆ ಬಂದೆ. ಅಲ್ಲಿ ಇಪ್ಪತ್ತೊಂದು. ನಡುವೆ ಇದ್ದಿದ್ದು ಒಂದು ಗೋಡೆ, ಒಂದು ತಂತಿ, ನಾನು ಹಾಕಿದ ಕಾರ್ಡು.

ಆ ಕಾರ್ಡು ತಾನು ಕೂಡಿದ ಮೊತ್ತವನ್ನು ಪ್ಯಾಕೆಟ್ಟಿನ ಬಾಲಕ್ಕೆ ಅಂಟಿಸೋದು. ಡ್ರೈವರ್ ಆ ಬಾಲ ಕತ್ತರಿಸಿ ಉಳಿದದ್ದನ್ನು ಒಳಗೆ ಕೊಡಬೇಕು. ಪ್ಯಾಕೆಟ್ಟಿನ ಉದ್ದ ಸಮ ಇದ್ದರೆ ಸರಿಯಾಗಿ ಕತ್ತರಿಸ್ತಿತ್ತು. ಬೆಸ ಇದ್ದರೆ ಒಂದು ಅಂಕಿ ಹೆಚ್ಚಿಗೆ ಕತ್ತರಿಸ್ತಿತ್ತು. ಎರಡಂಕಿ ನಂಬರಿನವರ ಪ್ಯಾಕೆಟ್ಟು ಸಮ. ಏಳನೇ ನಂಬರನ್ನೂ ಸೊನ್ನೆ ಏಳು ಅಂತ ಎರಡಂಕಿ ಮಾಡಿದ್ದರು. ಮೂರಂಕಿ ಆದಕೂಡಲೇ ಬೆಸ. ಕಡೆಯ ಅಂಕಿ ಕತ್ತರಿಸಿ ಹೋಗಿದ್ದರೂ ಕಾರ್ಡು ಮಾತ್ರ "ನೋಡಿದ್ದೀನಿ, ಸರಿಯಿದೆ" ಅನ್ನೋದು. ಡೈರಿಯ ಪ್ರೋಗ್ರಾಮು ಬರದ ಅಂಕಿಯ ಜಾಗದಲ್ಲಿ ಸಾಲಲ್ಲಿ ಸ್ವಲ್ಪ ಮುಂಚೆ ಹಾಕಿಹೋದವರ ಕಡೆಯ ಅಂಕಿಯನ್ನೇ ಉಳಿಸಿಕೊಳ್ಳೋದು. ಅವರದು ಮೂವತ್ತಾದರೆ ಇಪ್ಪತ್ತೊಂಬತ್ತಿನ ಸೆಲ್ವಿಯದು ಇಪ್ಪತ್ತು. ಅವರದು ಮೂವತ್ತೊಂದಾದರೆ ಇವಳದು ಇಪ್ಪತ್ತೊಂದು. ಊರಿನವರ ಹಾಲು ಗಟ್ಟಿಯಾದಷ್ಟೂ ಸೆಲ್ವಿಯ ಹಾಲಿಗೆ ನೀರು. ಬೇಲಿಯೇ ಎದ್ದು ಹೊಲ ಮೇಯೋದು ಅಂದರೆ ಇದು.

ಚೆಕ್‌ಸಮ್ ಕೆಲಸ ಕಾರ್ಡಿನಿಂದ ಕಿತ್ತು ಕಂಪ್ಯೂಟರಿಗೇ ಕೊಡೋಕೆ ಒಂದು ಚೌಕದಲ್ಲಿನ ಗುರುತು ತೆಗೆದರೆ ಸಾಕು. ತೆಗೆದೆ. ಇಪ್ಪತ್ತೊಂಬತ್ತು ಬಂತು. ಒಂದೇ ಕ್ಯಾನಿನ ಹಾಲನ್ನು ಗುರುತು ಇಟ್ಟು ಒಮ್ಮೆ, ತೆಗೆದು ಒಮ್ಮೆ ಅಳೆದು ಎರಡು ಚೀಟಿ ಮುದ್ರಿಸಿ ಅಧ್ಯಕ್ಷರಿಗೆ ತೋರಿಸಿ ಎಲ್ಲ ಹೇಳಿದೆ. ಸೆಲ್ವಿಯ ಹೆಸರೂ ಹೇಳಿದೆ. ಅವರು ಚೀಟಿ ತಿರುಗಿಸಿ ನೋಡಿ, "ಸರಿಯಾಯ್ತಲ್ಲ ಬಿಡಪ್ಪ. ಆ ಯಮ್ಮನೂ ನಾಳೆಯಿಂದ ಬಂದು ಆಕ್ಕೊಳ್ಳಿ" ಅಂದರು. ಮುಗೀತು ಅವರ ಕಡೆಯಿಂದ.

ಆ ಎರಡು ಚೀಟಿ ಜೇಬಲ್ಲಿಟ್ಟುಕೊಂಡು ಕೋರಮಂಡಲ್ ಲೈನಿಗೆ ನಡೆದೆ. ಸೆಲ್ವಿ ಬಾಗಿಲಲ್ಲಿ ಕೂತು ಹಸುವಿಗೆ ಬೂಸ ಕಲೆಸ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿದಳು. ಬೈತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಸರಿ ಮಾಡಕ್ಕೆ ಎಷ್ಟೊತ್ತು ಇಡೀತು ಅಣ್ಣಾ?" ಅಂತ ಕೇಳಿದಳು.

"ಒಂದು ನಿಮಿಷ" ಅಂದೆ. ಸುಳ್ಳು ಹೇಳೋ ಮುಖ ಇರಲಿಲ್ಲ ನನಗೆ.

ಅವಳು ಬೂಸದ ಕೈ ತೊಳೆದುಕೊಂಡು ಬಂದಳು. "ಬನ್ನಿ. ಈಗಲೇ ಬನ್ನಿ. ನೀವೇ ಬಂದು ನಮ್ಮತ್ತೆಗೆ ಏಳಿ" ಅಂದಳು. ದಾರಿಯುದ್ದಕ್ಕೂ ರೈಲಲ್ಲಿ ಆ ಎರಡು ಚೀಟಿಯನ್ನೂ ಅವಳೇ ಹಿಡಿದುಕೊಂಡಿದ್ದಳು.

ಊರಿಗಾಂನ ಮಗಳ ಮನೇಲಿ ಅಂಜಲಮ್ಮ ಅವರೆಕಾಳು ಹಿದುಕ್ತಾ ಕೂತಿದ್ದಳು. "ಉಕ್ಕಾರು" ಅಂತ ಚಾಪೆ ತೋರಿಸಿದಳು, ಕೂತೆವು. ನಾನು ಕಾರ್ಡು, ಚೆಕ್‌ಸಮ್ಮು ಅಂತೆಲ್ಲ ತೊದಲಿದೆ. ತಪ್ಪು ನನ್ನದು, ನಿಮ್ಮ ಹಾಲಲ್ಲಿ ಒಂದು ಹನಿ ನೀರಿರಲಿಲ್ಲ ಅಂದೆ. ಸೆಲ್ವಿ ಚೀಟಿಗಳನ್ನು ಅತ್ತೆಯ ಮುಂದೆ ಹಿಡಿದು ಗೊಳೋ ಅಂತ ಅತ್ತಳು. "ನನ್ ತಪ್ಪಾಯ್ತು ಅತ್ತೆ, ಮನೆಗೆ ಬನ್ನಿ ಅತ್ತೆ. ನೋಡಿ, ಇದ್ರಲ್ಲೇ ಬಂದೈತೆ, ನೀವು ಆಕಿರಲಿಲ್ಲ."

ಅಂಜಲಮ್ಮ ಚೀಟಿ ಮುಟ್ಟಲಿಲ್ಲ. ಅವಳ ಬಲಗೈ ಅಂಗೈ ಮಧ್ಯೆ ಚರ್ಮ ಸುಕ್ಕಾಗಿ ಮಿರುಗ್ತಿತ್ತು, ಕಾಳು ಹಿದುಕೋದೆಲ್ಲ ಎಡಗೈಯಲ್ಲೇ ಮಾಡ್ತಿದ್ದಳು.

"ಅವತ್ತು ಮಿಷನ್ನು ಆಕಿದ್ದಾಳೆ ಅಂತು, ನೀನು ನಂಬಿದೆ" ಅಂದಳು ಸೊಸೆಗೆ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಇವತ್ತು ಮಿಷನ್ನು ಆಕಿಲ್ಲ ಅಂತು, ನಂಬ್ಕೊಂಡು ಓಡಿ ಬಂದೆ. ನಡುವೆ ನಾನೂ ಒಂದು ಮಾತು ಏಳಿದ್ದೆ ಕಣಮ್ಮ."

ಸೆಲ್ವಿಯ ಅಳು ಗಕ್ಕನೆ ನಿಂತಿತು.

ಅಂಜಲಮ್ಮ ಮೊರ ಪಕ್ಕಕ್ಕಿಟ್ಟಳು. "ಸಾಯಂಕಾಲದ ಗಾಡಿಗೆ ಒತ್ತಾಯ್ತು, ಎದ್ದೇಳು. ಮನೇಲಿ ಅಸಾ ಎರಡೇ ಅವೆ, ನೀನೇ ಓಗಿ ಕರೀಬೇಕು" ಅಂದು ಒಳಗೆ ಹೋದಳು.